ಸುವಾರ್ತೆ ಎಂಬ ಸುದ್ದಿ, ತಿರುಗಿಕೊಳ್ಳುವುದು ಎಂಬ ಕೆಲಸ

ಭದ್ರಾ ನಾಲೆಯ ಕೊನೇ ಭಾಗದ ರೈತ ಜುಲೈ ತಿಂಗಳಲ್ಲಿ ಕಿವಿಗೊಟ್ಟು ಕಾಯುವುದು ಒಂದೇ ಸುದ್ದಿಗೆ. ಲಕ್ಕವಳ್ಳಿ ಅಣೆಕಟ್ಟೆಯಲ್ಲಿ ನೀರು 186 ಅಡಿಯ ಹತ್ತಿರ ಬಂತೇ, ನಾಲೆಗೆ ಬಿಡುತ್ತಾರೆಯೇ? ಅಷ್ಟು ಗೊತ್ತಾದರೆ ಸಾಕು. ಸಸಿಮಡಿ ಹಾಕುವುದು, ಗದ್ದೆ ಹೂಡುವುದು ಅವನಿಗೆ ಯಾರೂ ಹೇಳಿಕೊಡಬೇಕಾಗಿಲ್ಲ. ಮಳೆ ಸುರಿದದ್ದು ಎಲ್ಲೋ ಕುದುರೆಮುಖದ ಬೆಟ್ಟಸಾಲಿನಲ್ಲಿ. ಅದರಲ್ಲಿ ಅವನ ದುಡಿಮೆ ಒಂದು ಬೊಗಸೆಯಷ್ಟೂ ಇಲ್ಲ. ಆದರೂ ಆ ನೀರು ಅವನ ಗದ್ದೆಯದೇ, ಸುದ್ದಿ ನಂಬಿ ತೂಬು ತೆರೆದರೆ.

ಸುವಾರ್ತೆ ಎಂಬ ಪದವನ್ನು ಹೀಗೆ ಓದಿಕೊಂಡರೆ ಅರ್ಧ ಗೊಂದಲ ಕಳೆಯುತ್ತದೆ. ಅದು ವಾರ್ತೆ, ಭದ್ರಾವತಿ ಆಕಾಶವಾಣಿಯಲ್ಲಿ ದಿನವೂ ಕೇಳುವ ಅದೇ ಪದಕ್ಕೆ ಒಂದು ‘ಸು’ ಸೇರಿದೆ. ಕಥೋಲಿಕರು ಶುಭಸಂದೇಶ ಎನ್ನುತ್ತಾರೆ. ಎರಡರ ಹಿಂದೆಯೂ ಇರುವ ಗ್ರೀಕ್ ಪದ ಎವಾಂಗೆಲಿಯೊನ್. ಮೂಲದಲ್ಲಿ ಇದು ಅರಮನೆಯ ಮಾತು, ಗೆದ್ದ ಸುದ್ದಿ ಹೊತ್ತು ಓಡಿಬರುವ ದೂತನ ಮಾತು. ಈಗಿನ ಟರ್ಕಿಯ ಪ್ರಿಯೆನೆ ಎಂಬಲ್ಲಿ ಸಿಕ್ಕ ಕ್ರಿ.ಪೂ. 9ರ ಶಾಸನ ರೋಮಿನ ಚಕ್ರವರ್ತಿ ಅಗಸ್ಟಸ್ ಹುಟ್ಟಿದ ದಿನವನ್ನು ಲೋಕದ ಪಾಲಿನ ಶುಭವಾರ್ತೆಗಳ ಆರಂಭ ಎಂದು ಸಾರುತ್ತದೆ. ನಮ್ಮ ತಾಳಗುಂದದ ಕಂಬ ಕದಂಬರ ಏಳಿಗೆಯನ್ನು ಊರಿಗೆ ಹೇಳುವ ಹಾಗೆ. ಯೇಸುವಿನ ಶಿಷ್ಯರು ಈ ರಾಜಪದವನ್ನೇ ಎತ್ತಿಕೊಂಡರು. ರೋಮಿನ ಅಧಿಕಾರಿಗಳು ಶಿಲುಬೆಗೆ ಹಾಕಿ ಕೊಂದ ನಜರೇತಿನ ಬಡಗಿಯೊಬ್ಬನ ಬಗ್ಗೆ ಬಳಸಿದರು.

ಆದ್ದರಿಂದ ಸುವಾರ್ತೆ ಎಂದರೆ ‘ಒಳ್ಳೆಯವರಾಗಿ ಬಾಳಿ’ ಎಂಬ ಬುದ್ಧಿಮಾತಲ್ಲ. ಬುದ್ಧಿಮಾತಿಗೆ ಮಲೆನಾಡಿನಲ್ಲಿ ಬರವಿಲ್ಲ; ಮಠದಲ್ಲಿ, ಶಾಲೆಯಲ್ಲಿ, ಅಜ್ಜಿಯ ಬಾಯಲ್ಲಿ ಬೇಕಾದಷ್ಟಿದೆ, ಅದರಲ್ಲಿ ಬಹುಪಾಲು ಒಳ್ಳೆಯದೇ. ಏನೋ ಒಂದು ನಡೆದುಹೋಗಿದೆ ಎಂದು ಸುವಾರ್ತೆ ಹೇಳುತ್ತದೆ. ನಾವು ಏನು ಮಾಡಬೇಕೆಂಬುದು ಅದರ ಬೆನ್ನಿಗೆ ಬರುತ್ತದೆ, ಅಷ್ಟೇ. ಈ ಹಿಂದುಮುಂದನ್ನು ತಿರುವುಮುರುವು ಮಾಡಿದ ಕಡೆಯೆಲ್ಲ ಕ್ರೈಸ್ತಧರ್ಮ ಒಂದು ಭಾರವಾದ ನಿಯಮಪಟ್ಟಿಯಾಗಿ ಕೂತುಬಿಡುತ್ತದೆ.

ನಡೆದದ್ದು ಏನು?

ಇದಕ್ಕೆ ಅತಿ ಹಳೆಯ, ಅತಿ ಚಿಕ್ಕ ಉತ್ತರ, ಊರೂರು ಸುತ್ತಿ ಸುವಾರ್ತೆ ಸಾರಿದ ಪೌಲನು ಕೊರಿಂಥ ಪಟ್ಟಣದವರಿಗೆ ಬರೆದ ಮೊದಲ ಪತ್ರದ 15ನೇ ಅಧ್ಯಾಯದಲ್ಲಿದೆ. ಪತ್ರ ಬರೆದದ್ದು ಎಫೆಸದಿಂದ, ಸುಮಾರು ಕ್ರಿ.ಶ. 55ರಲ್ಲಿ, ಎಂದರೆ ಘಟನೆ ನಡೆದು ಇಪ್ಪತ್ತೈದು ವರ್ಷದ ಆಸುಪಾಸು. ತಾನೇ ಕಟ್ಟಿದ ಮಾತಲ್ಲ, ತನಗೆ ಒಪ್ಪಿಸಿದ್ದನ್ನು ನಿಮಗೆ ಒಪ್ಪಿಸಿದೆ ಎಂದು ಹೇಳಿ ಪೌಲ ನಾಲ್ಕು ಸಂಗತಿ ಇಡುತ್ತಾನೆ: ಕ್ರಿಸ್ತನು ನಮ್ಮ ಪಾಪಗಳಿಗಾಗಿ ಸತ್ತನು, ಹೂಣಿಡಲಾಯಿತು, ಮೂರನೆಯ ದಿನ ಎದ್ದನು, ಕಾಣಿಸಿಕೊಂಡನು. ಯಾರಿಗೆ ಕಾಣಿಸಿಕೊಂಡ ಎಂಬುದಕ್ಕೆ ಹೆಸರುಗಳೂ ಇವೆ. ಪೇತ್ರ, ಹನ್ನೆರಡು ಮಂದಿ ಶಿಷ್ಯರು, ಒಂದೇ ಸಲ ಐನೂರಕ್ಕೂ ಹೆಚ್ಚು ಜನ, ಯಾಕೋಬ. ಆ ಐನೂರರಲ್ಲಿ ಹೆಚ್ಚಿನವರು ಇನ್ನೂ ಬದುಕಿದ್ದಾರೆ ಎಂದು ಪೌಲ ಸೇರಿಸುತ್ತಾನೆ. ಬೇಕಾದರೆ ಕೇಳಿ ನೋಡಿ ಎಂಬುದೇ ಆ ಮಾತಿನ ಧಾಟಿ. ಕ್ರೈಸ್ತರ ನಂಬಿಕೆಯ ಪ್ರಮಾಣದಲ್ಲಿ ಪೊಂತ್ಯ ಪಿಲಾತನ ಹೆಸರು ಉಳಿದುಕೊಂಡಿರುವುದೂ ಇದಕ್ಕೇ. ಅವನೇನು ಸಂತನಲ್ಲ, ಕ್ರಿ.ಶ. 26ರಿಂದ 36ರವರೆಗೆ ಯೂದಾಯದಲ್ಲಿದ್ದ ರೋಮನ್ ಅಧಿಕಾರಿ. ಇಂಥ ಅಧಿಕಾರಿಯ ಕಾಲದಲ್ಲಿ, ಇಂಥ ಊರಿನಲ್ಲಿ ನಡೆಯಿತು ಎಂದು ಗುರುತು ಹಾಕಲು ಅವನ ಹೆಸರು ಬೇಕಾಯಿತು.

ನಾಲ್ಕರಲ್ಲಿ ನಮ್ಮ ಕಡೆ ಹೆಚ್ಚು ಎಡವುವುದು ‘ನಮ್ಮ ಪಾಪಗಳಿಗಾಗಿ’ ಎಂಬಲ್ಲಿ. ಕನ್ನಡದಲ್ಲಿ ಪಾಪ ಎಂಬ ಪದ ಹಲವು ಕೆಲಸ ಮಾಡುತ್ತದೆ. ‘ಅಯ್ಯೋ ಪಾಪ’ ಎಂದು ಮರುಗುತ್ತೇವೆ. ಪಾಪ-ಪುಣ್ಯದ ಖಾತೆ ಎನ್ನುತ್ತೇವೆ. ಕೆಲವೊಮ್ಮೆ ಮೈಲಿಗೆ, ದೋಷ ಎಂಬರ್ಥದಲ್ಲೂ ಆಡುತ್ತೇವೆ. ಬೈಬಲಿನ ಪದ ಇವುಗಳಲ್ಲಿ ಯಾವುದಕ್ಕೂ ಪೂರ್ತಿ ಹೊಂದುವುದಿಲ್ಲ. ಗ್ರೀಕಿನ ಹಮಾರ್ತಿಯ ಎಂದರೆ ಬಿಟ್ಟ ಬಾಣ ಗುರಿ ತಪ್ಪುವುದು. ಪೌಲನು ರೋಮಿನವರಿಗೆ ಬರೆದ ಪತ್ರದ ಮೊದಲ ಅಧ್ಯಾಯದಲ್ಲಿ ಪಾಪದ ಬುಡ ತೋರಿಸುವಾಗ ಕಳ್ಳತನ, ಕೊಲೆಯಿಂದ ಶುರುಮಾಡುವುದಿಲ್ಲ. ದೇವರು ಗೊತ್ತಿದ್ದೂ ಆತನನ್ನು ದೇವರೆಂದು ಗೌರವಿಸಲಿಲ್ಲ, ಕೃತಜ್ಞತೆ ಹೇಳಲಿಲ್ಲ ಎಂಬಲ್ಲಿಂದ ಶುರುಮಾಡುತ್ತಾನೆ. ಉಂಡ ಮನೆಗೆ ಬೆನ್ನು ತಿರುಗಿಸಿದ್ದು ಮೊದಲು; ಉಳಿದದ್ದೆಲ್ಲ ಅದರಿಂದ ಹುಟ್ಟಿದ್ದು.

ಅಡಿಕೆ ತೋಟ ಇರುವವರಿಗೆ ಇದನ್ನು ಸುಲಭವಾಗಿ ಹೇಳಬಹುದು. ಕೊಳೆರೋಗ ಹೊರಗಿನಿಂದ ಗೊನೆಗೆ ಅಂಟುತ್ತದೆ. ಅದಕ್ಕೆ ಮದ್ದೂ ಹೊರಗಿನದೇ: 1 ಕಿಲೋ ಮೈಲುತುತ್ತ, 1 ಕಿಲೋ ಸುಣ್ಣ, 100 ಲೀಟರ್ ನೀರು, ಮಳೆ ಹಿಡಿಯುವ ಮೊದಲು ಒಂದು ಸಲ, 40-45 ದಿನ ಬಿಟ್ಟು ಇನ್ನೊಂದು ಸಲ ಹೊಡೆದರೆ ಬೆಳೆ ಉಳಿಯುತ್ತದೆ. ಅಣಬೆ ರೋಗ ಹಾಗಲ್ಲ. ಗರಿ ಹಳದಿಯಾಗಿ ಕಣ್ಣಿಗೆ ಬೀಳುವ ಹೊತ್ತಿಗೆ ಬೇರು ಕೊಳೆತಿರುತ್ತದೆ, ಬುಡದಲ್ಲಿ ಕಂದು ರಸ ಒಸರುತ್ತಿರುತ್ತದೆ. ಆ ಮರದ ಗೊನೆಗೆ ಎಷ್ಟು ಬೋರ್ಡೋ (ಮೈಲುತುತ್ತ-ಸುಣ್ಣದ ಅದೇ ಮದ್ದು) ಹೊಡೆದರೂ ಹೊಡೆದವನ ಕೂಲಿ ದಂಡ. ಬೈಬಲ್ ಮನುಷ್ಯನನ್ನು ನೋಡುವುದು ಅಣಬೆ ರೋಗ ಹತ್ತಿದ ಮರದ ಹಾಗೆ. ಕುಡಿತ ಬಿಟ್ಟೆ, ಇಸ್ಪೀಟು ಬಿಟ್ಟೆ, ಭಾನುವಾರ ಚರ್ಚಿಗೆ ಹೋದೆ ಎನ್ನುವುದೆಲ್ಲ ಒಳ್ಳೆಯದೇ. ಆದರೆ ಅದನ್ನೇ ರಕ್ಷಣೆ ಎಂದುಕೊಂಡರೆ ಬೇರಿನ ರೋಗಕ್ಕೆ ಗೊನೆಗೆ ಮದ್ದು ಹೊಡೆದಂತೆ. ಯೇಸು ನಿಕೊದೇಮನೆಂಬ ಪಂಡಿತನಿಗೆ, ಅವನೇನೂ ಕೆಟ್ಟವನಲ್ಲದಿದ್ದರೂ, ನೀನು ಹೊಸದಾಗಿ ಹುಟ್ಟಬೇಕು ಎಂದದ್ದು ಇದೇ ಕಾರಣಕ್ಕೆ. ಅಲ್ಲಿನ ಗ್ರೀಕ್ ಪದಕ್ಕೆ ಎರಡರ್ಥ: ಮತ್ತೊಮ್ಮೆ, ಮೇಲಿನಿಂದ. ಎರಡೂ ಬೇಕು.

ಹಾಗಾದರೆ ಒಬ್ಬ ಸತ್ತದ್ದರಿಂದ ಇನ್ನೊಬ್ಬರ ಪಾಪ ಹೇಗೆ ಕಳೆಯುತ್ತದೆ? ಪ್ರಶ್ನೆ ನ್ಯಾಯವಾದದ್ದೇ. ಯೇಸುವಿನ ಬಾಳನ್ನು ಹೇಳುವ ಬೈಬಲಿನ ನಾಲ್ಕು ಪುಸ್ತಕಗಳಿಗೂ ಸುವಾರ್ತೆ ಎಂದೇ ಹೆಸರು. ಅವುಗಳಲ್ಲಿ ಮತ್ತಾಯ ಬರೆದದ್ದರ 18ನೇ ಅಧ್ಯಾಯದಲ್ಲಿ ಯೇಸು ಒಂದು ಸಾಲದ ಲೆಕ್ಕ ಕೊಡುತ್ತಾನೆ. ಒಬ್ಬ ಸೇವಕ ರಾಜನಿಗೆ ಹತ್ತು ಸಾವಿರ ತಲಾಂತು ಬಾಕಿ. ಒಂದು ತಲಾಂತು ಎಂದರೆ ಸುಮಾರು 6,000 ದಿನಾರಿ; ಒಂದು ದಿನಾರಿ ಎಂದರೆ ಒಂದು ದಿನದ ಕೂಲಿ. ಗುಣಿಸಿದರೆ 6 ಕೋಟಿ ದಿನದ ಕೂಲಿ. ಒಂದು ದಿನವೂ ರಜೆ ಹಾಕದೆ ದುಡಿದರೂ ತೀರಿಸಲು 1 ಲಕ್ಷ 60 ಸಾವಿರ ವರ್ಷ ಮೀರುತ್ತದೆ. ಆ ಸೇವಕ ರಾಜನ ಕಾಲಿಗೆ ಬಿದ್ದು ‘ಸ್ವಲ್ಪ ತಾಳ್ಮೆ ಇರಲಿ, ಎಲ್ಲ ತೀರಿಸುತ್ತೇನೆ’ ಎನ್ನುತ್ತಾನೆ. ಪಾಪಕ್ಕೆ ಪುಣ್ಯ ಕೂಡಿಸಿ ಲೆಕ್ಕ ಸರಿಮಾಡುತ್ತೇನೆ ಎನ್ನುವ ಮನುಷ್ಯನ ಮಾತು ದೇವರ ಕಿವಿಗೆ ಹೀಗೆ ಕೇಳಿಸುತ್ತದೆ. ರಾಜ ಗಡುವು ಕೊಡುವುದಿಲ್ಲ, ಕಂತು ಮಾಡಿಕೊಡುವುದಿಲ್ಲ; ಇಡೀ ಸಾಲ ಬಿಟ್ಟುಬಿಡುತ್ತಾನೆ. ಬಿಟ್ಟ ಸಾಲ ಗಾಳಿಯಲ್ಲಿ ಮಾಯವಾಗುವುದಿಲ್ಲ ಎಂಬುದು ಸಹಕಾರ ಸಂಘದ ಸಾಲ ಮನ್ನಾ ಕಂಡವರಿಗೆಲ್ಲ ಗೊತ್ತು. ಯಾರೋ ಒಬ್ಬರು ಅದನ್ನು ಹೊರುತ್ತಾರೆ. ಕ್ಷಮಿಸುವವನೇ ನಷ್ಟ ಹೊರುತ್ತಾನೆ. ಶಿಲುಬೆಯಲ್ಲಿ ಆ ನಷ್ಟ ಕಣ್ಣಿಗೆ ಕಾಣುತ್ತದೆ.

ಇಲ್ಲಿ ಒಂದು ಎಚ್ಚರ ಬೇಕು. ಮಾರಿಗೆ ಕೊಡುವ ಬಲಿಯ ಚಿತ್ರವನ್ನು ಹಾಗೇ ಎತ್ತಿ ಶಿಲುಬೆಗೆ ಹಚ್ಚಿ ವಿವರಿಸುವವರಿದ್ದಾರೆ. ಕೇಳುವವರಿಗೆ ಬೇಗ ಅರ್ಥವಾದಂತೆ ತೋರುತ್ತದೆ, ಆದರೆ ತಪ್ಪು ಅರ್ಥವಾಗುತ್ತದೆ. ಅಲ್ಲಿ ಮನುಷ್ಯ ಕೊಡುತ್ತಾನೆ, ದೇವತೆ ತೆಗೆದುಕೊಳ್ಳುತ್ತಾಳೆ. ಇಲ್ಲಿ ಕೊಡುವವನೇ ದೇವರು. ಕ್ರಿಸ್ತನಲ್ಲಿ ದೇವರೇ ಇದ್ದುಕೊಂಡು ಲೋಕವನ್ನು ತನ್ನೊಡನೆ ಸಮಾಧಾನ ಮಾಡಿಕೊಂಡನು ಎಂಬುದು ಪೌಲನ ವಿವರಣೆ. ಸಿಟ್ಟಾದ ದೇವರನ್ನು ತಣಿಸಲು ಮೂರನೆಯವನೊಬ್ಬನನ್ನು ಹಿಡಿದು ತಂದ ಕಥೆ ಅದಲ್ಲ.

ಎದ್ದನು ಎಂಬುದಕ್ಕೆ ಹೆಚ್ಚು ಮಾತು ಬೇಡ, ಆದರೆ ಅದನ್ನು ಬಿಟ್ಟರೆ ಏನೂ ಉಳಿಯುವುದಿಲ್ಲ. ಕ್ರಿಸ್ತ ಎದ್ದಿಲ್ಲವಾದರೆ ನಿಮ್ಮ ನಂಬಿಕೆ ವ್ಯರ್ಥ ಎಂದು ಪೌಲನೇ ಬರೆದಿಟ್ಟಿದ್ದಾನೆ. ಸತ್ತ ಮಹಾತ್ಮನಿಗೆ ನಮಸ್ಕಾರ ಹಾಕಬಹುದು; ಬದುಕಿರುವವನ ಕಡೆಗೆ ಮಾತ್ರ ತಿರುಗಬಹುದು.

ತಿರುಗುವುದು

ನಮ್ಮ ಪತ್ರಿಕೆಗಳಲ್ಲಿ ಮತಾಂತರ ಎಂಬ ಒಂದೇ ಪದ ಎಲ್ಲಕ್ಕೂ ಓಡಾಡುತ್ತದೆ. ಮತಾಂತರ ಎಂದರೆ ಒಂದು ಗುಂಪಿನ ಪಟ್ಟಿಯಿಂದ ಹೆಸರು ತೆಗೆದು ಇನ್ನೊಂದಕ್ಕೆ ಬರೆಸುವುದು. ಬೈಬಲ್ ಕೇಳುವುದಕ್ಕೆ ಕ್ರೈಸ್ತರು ಇಟ್ಟುಕೊಂಡಿರುವ ಪದ ಮಾನಸಾಂತರ. ಹೀಬ್ರೂವಿನ ಶೂಬ್ ಎಂದರೆ ಹೋಗುತ್ತಿದ್ದ ದಾರಿಯಲ್ಲಿ ನಿಂತು ಹಿಂತಿರುಗುವುದು. ಗ್ರೀಕಿನ ಮೆತಾನೊಯ ಎಂದರೆ ನೋಡುವ ಬಗೆಯೇ ಬದಲಾಗುವುದು. ಹಳೆಯ ಕನ್ನಡ ಬೈಬಲ್ ಈ ಎರಡನ್ನೂ ಕೂಡಿಸಿ ‘ದೇವರ ಕಡೆಗೆ ತಿರುಗಿಕೊಳ್ಳಿರಿ’ ಎಂದು ಅನುವಾದಿಸಿತು. ಇದಕ್ಕಿಂತ ಒಳ್ಳೆಯ ಕನ್ನಡ ಸಿಗಲಾರದು. ಬರಿಯ ಪಶ್ಚಾತ್ತಾಪ ಎಂದರೆ ಹಿಂದಿನದಕ್ಕೆ ಅಳುವುದು ಮಾತ್ರ ಉಳಿಯುತ್ತದೆ. ‘ತಿರುಗಿಕೊಳ್ಳಿರಿ’ ಎಂದಾಗ ಯಾರ ಕಡೆಗೆ ಎಂಬ ಪ್ರಶ್ನೆಯೂ ಎದ್ದು, ಉತ್ತರವೂ ಅಲ್ಲೇ ಸಿಗುತ್ತದೆ.

ಎರಡೂ ಒಂದನ್ನೊಂದು ಬಿಟ್ಟು ನಡೆಯಬಲ್ಲವು. ಹೆಸರು, ದಾಖಲೆ, ಹಬ್ಬ ಎಲ್ಲ ಬದಲಾಗಿ ಮನಸ್ಸು ಇದ್ದಲ್ಲೇ ಇರಬಹುದು. ಮೂರು ತಲೆಮಾರಿನಿಂದ ಕ್ರೈಸ್ತರಾದ ಮನೆಯಲ್ಲಿ ಹುಟ್ಟಿ, ಮಗುವಾಗಿದ್ದಾಗಲೇ ದೀಕ್ಷಾಸ್ನಾನವಾಗಿ (ನೀರಿನಿಂದ ಸಭೆಗೆ ಸೇರಿಸಿಕೊಳ್ಳುವ ವಿಧಿ), ಒಮ್ಮೆಯೂ ದೇವರ ಕಡೆಗೆ ತಿರುಗದೆ ಬಾಳು ಮುಗಿಯಬಹುದು. ಯೇಸು ತಿರುಗಿಕೊಳ್ಳಿರಿ ಎಂದು ಮೊದಲು ಸಾರಿದ್ದು ಸ್ವಂತ ಧರ್ಮದವರಿಗೇ, ದೇವಾಲಯ ಬಿಡದೆ ನಡೆಯುತ್ತಿದ್ದ ಯೆಹೂದ್ಯರಿಗೆ. ಸಮುದ್ರ, ನೆಲ ಸುತ್ತಿ ಒಬ್ಬನನ್ನು ಮತಕ್ಕೆ ಸೇರಿಸಿ ಅವನನ್ನು ಇನ್ನೂ ಕೆಡಿಸುತ್ತೀರಿ ಎಂದು ಯೆಹೂದ್ಯರಲ್ಲೇ ಕಟ್ಟುನಿಟ್ಟಿನ ಪಂಗಡವಾದ ಫರಿಸಾಯರಿಗೆ ಹೇಳಿದ ಕಟುಮಾತು ಮತ್ತಾಯ 23ರಲ್ಲಿದೆ. ತಲೆ ಎಣಿಸುವವರೆಲ್ಲ ಓದಬೇಕಾದ ಮಾತು ಅದು.

ಅಂತರಂಗ ಬದಲಾಗದೆ ಬಹಿರಂಗದ ಲಾಂಛನಕ್ಕೆ ಬೆಲೆಯಿಲ್ಲ ಎಂಬ ವಿಚಾರ ಶಿಕಾರಿಪುರದ ಮಣ್ಣಿಗೆ ಹೊಸದಲ್ಲ. ಬಳ್ಳಿಗಾವಿಯ ಅಲ್ಲಮ, ಉಡುತಡಿಯ ಅಕ್ಕ ಇದನ್ನು ಹನ್ನೆರಡನೆಯ ಶತಮಾನದಲ್ಲೇ ಬಾಳಿ ತೋರಿಸಿದವರು. ಆದರೆ ಹೋಲಿಕೆ ಕಂಡಕೂಡಲೇ ಎರಡೂ ಒಂದೇ ಎಂದುಬಿಡುವುದು ಇಬ್ಬರಿಗೂ ಮಾಡುವ ಅನ್ಯಾಯ. ಸಾಧಕ ಒಳಗೆ ಇಳಿದು ಕಂಡುಕೊಳ್ಳುವ ಅರಿವಿನಿಂದ ಸುವಾರ್ತೆ ಶುರುವಾಗುವುದಿಲ್ಲ. ಹುಡುಕಿಕೊಂಡು ಬಂದ ದೇವರಿಂದ ಶುರುವಾಗುತ್ತದೆ.

ತಿರುಗುವುದು ಹೇಗಿರುತ್ತದೆ ಎಂಬುದಕ್ಕೆ ಲೂಕ 15ರ ಕಿರಿಯ ಮಗನನ್ನು ನಿಧಾನವಾಗಿ ನೋಡಬೇಕು. ಪಾಲು ತೆಗೆದುಕೊಂಡು ಹೋಗಿ, ಹಾಳುಮಾಡಿ, ಹಂದಿ ಕಾಯುವ ಮಟ್ಟಕ್ಕೆ ಇಳಿದ ಮೇಲೆ ಅವನಿಗೆ ಬುದ್ಧಿ ಬರುತ್ತದೆ. ಅಪ್ಪನಿಗೆ ಹೇಳಲು ಅವನು ಮೂರು ಮಾತು ಹೊಂದಿಸಿಕೊಳ್ಳುತ್ತಾನೆ: ಪಾಪ ಮಾಡಿದೆ, ಮಗ ಎನಿಸಿಕೊಳ್ಳಲು ಯೋಗ್ಯನಲ್ಲ, ಕೂಲಿಯಾಳುಗಳಲ್ಲಿ ಒಬ್ಬನಂತೆ ಇಟ್ಟುಕೋ. ಮೂರನೆಯದು ಸ್ವಾಭಿಮಾನದ ಕೊನೆಯ ತುಂಡು. ದುಡಿದು ತೀರಿಸುತ್ತೇನೆ ಎಂಬ ಅದೇ ಹಳೆಯ ಲೆಕ್ಕ. ಮಗ ಇನ್ನೂ ದೂರದಲ್ಲಿರುವಾಗಲೇ ಅಪ್ಪ ಓಡಿಬಂದು ತಬ್ಬಿಕೊಳ್ಳುತ್ತಾನೆ. ಮಗ ಮಾತು ಶುರುಮಾಡುತ್ತಾನೆ. ಮೊದಲ ಎರಡು ಮಾತು ಆಗುತ್ತವೆ. ಮೂರನೆಯದು ಬರುವುದೇ ಇಲ್ಲ. ಅಷ್ಟರಲ್ಲಿ ಅಪ್ಪ ಆಳುಗಳಿಗೆ ಅಂಗಿ, ಉಂಗುರ, ಜೋಡು ತನ್ನಿ ಎನ್ನುತ್ತಿದ್ದಾನೆ. 19ನೇ ವಚನವನ್ನೂ 21ನೇ ವಚನವನ್ನೂ ಪಕ್ಕಪಕ್ಕ ಇಟ್ಟು ಓದಿದರೆ ಆ ಬಿಟ್ಟುಹೋದ ಸಾಲು ಕಾಣುತ್ತದೆ. ಕೃಪೆ ಎಂಬ ಪದಕ್ಕೆ ಬೈಬಲಿನಲ್ಲಿ ಇದಕ್ಕಿಂತ ನಿಖರವಾದ ಅರ್ಥವಿವರಣೆ ಇಲ್ಲ. ಮಗ ತಿರುಗಿದ್ದರಿಂದ ಅಪ್ಪ ಪ್ರೀತಿಸಲು ತೊಡಗಲಿಲ್ಲ. ಅಪ್ಪನ ಮನೆ ಎಂಬುದೊಂದು ಇದ್ದುದರಿಂದ ಮಗನಿಗೆ ತಿರುಗಲು ಒಂದು ದಿಕ್ಕು ಇತ್ತು. ಹೊಲದಲ್ಲೇ ಇದ್ದು, ಒಂದು ಆಜ್ಞೆಯನ್ನೂ ಮೀರದೆ, ಕೊನೆಗೆ ಹೊಸ್ತಿಲಾಚೆ ಸಿಟ್ಟಿನಲ್ಲಿ ನಿಂತ ಹಿರಿಯ ಮಗನೂ ಅದೇ ಕಥೆಯಲ್ಲಿದ್ದಾನೆ. ಅವನೂ ತಿರುಗಬೇಕಾಗಿತ್ತು.

ದುಃಖವಾದ ಮಾತ್ರಕ್ಕೆ ತಿರುಗಿದಂತಲ್ಲ. ಶಿಷ್ಯರಾದ ಯೂದನೂ ಪೇತ್ರನೂ ಒಂದೇ ರಾತ್ರಿ ಯೇಸುವಿಗೆ ದ್ರೋಹ ಮಾಡಿದರು, ಇಬ್ಬರೂ ನೊಂದರು. ಯೂದ ಮೂವತ್ತು ಬೆಳ್ಳಿ ನಾಣ್ಯಗಳನ್ನು ವಾಪಸ್ ಎಸೆದ, ತಪ್ಪನ್ನೂ ಒಪ್ಪಿಕೊಂಡ. ಆದರೆ ಹೋದದ್ದು ಯಾಜಕರ ಬಳಿಗೆ, ಆಮೇಲೆ ಸಾವಿನ ಬಳಿಗೆ. ಪೇತ್ರ ಅತ್ತು ಮರಳಿ ಯೇಸುವಿನ ಬಳಿಗೇ ಬಂದ. ನೋವಿನ ಅಳತೆಯಲ್ಲಿ ವ್ಯತ್ಯಾಸ ಹುಡುಕಿದರೆ ಸಿಗುವುದಿಲ್ಲ, ಮುಖ ಮಾಡಿದ ಕಡೆಯಲ್ಲಿದೆ.

ನಂಬಿಕೆಯ ಮಾತಿಗೆ ಮಲೆನಾಡಿನ ಕಾಲುಸಂಕ ಸಾಕು. ಆಷಾಢದ ಹಳ್ಳ ತುಂಬಿ ಹರಿಯುವಾಗ ಅಡ್ಡಲಾಗಿ ಎರಡು ಅಡಿಕೆ ದಬ್ಬೆ. ಅಲ್ಲಿ ಸಂಕ ಇದೆ ಎಂದು ತಿಳಿಯುವುದು ಒಂದು. ಅದು ಆಳಿನ ಭಾರ ತಡೆಯುತ್ತದೆ ಎಂದು ಒಪ್ಪುವುದು ಇನ್ನೊಂದು. ಕಾಲಿಡುವುದು ಮೂರನೆಯದು. ಹಿಂದಿನ ದೇವಶಾಸ್ತ್ರಜ್ಞರು ನಂಬಿಕೆಯನ್ನು ತಿಳಿವು, ಒಪ್ಪಿಗೆ, ಭರವಸೆ ಎಂದು ಬಿಡಿಸಿದ್ದು ಹೀಗೇ. ದೇವರೊಬ್ಬನೇ ಎಂದು ದೆವ್ವಗಳೂ ನಂಬಿ ನಡುಗುತ್ತವೆ ಎಂದು ಯಾಕೋಬ ಬರೆಯುವುದು ಮೊದಲೆರಡರಲ್ಲೇ ನಿಂತವರಿಗೆ. ಇನ್ನೊಂದು ಮಾತು: ದಾಟಿಸುವುದು ಸಂಕದ ಗಟ್ಟಿತನ, ದಾಟುವವನ ಧೈರ್ಯವಲ್ಲ. ಕಾಲು ನಡುಗುತ್ತ ದಾಟಿದವನೂ ಆಚೆ ದಡಕ್ಕೇ ಮುಟ್ಟುತ್ತಾನೆ. ‘ನಿಮಗೆ ನಂಬಿಕೆ ಸಾಲದು, ಅದಕ್ಕೇ ಕಾಯಿಲೆ ವಾಸಿಯಾಗಲಿಲ್ಲ’ ಎಂದು ರೋಗಿಯ ಮೇಲೆ ಹೊರೆ ಹೊರಿಸುವ ಮಾತು ಎಷ್ಟು ಕ್ರೂರ, ಎಷ್ಟು ತಪ್ಪು ಎಂಬುದು ಇದರಿಂದ ತಿಳಿಯುತ್ತದೆ.

ಎಲ್ಲಿ ಕೆಡುತ್ತದೆ

ಹೆಚ್ಚು ಕೆಡುವುದು ಹರಕೆಯ ಲೆಕ್ಕದಲ್ಲಿ. ಮಗನಿಗೆ ಕೆಲಸ ಸಿಕ್ಕರೆ, ಬೋರ್‌ವೆಲ್‌ನಲ್ಲಿ ನೀರು ಬಂದರೆ, ಗಂಡ ಕುಡಿತ ಬಿಟ್ಟರೆ ಯೇಸುವನ್ನು ನಂಬುತ್ತೇನೆ ಎಂಬುದು. ಕಷ್ಟದಲ್ಲಿರುವವರು ಹೀಗೆ ಬರುವುದರಲ್ಲಿ ತಪ್ಪೇನಿಲ್ಲ, ಯೇಸುವಿನ ಬಳಿಗೆ ಬಂದವರಲ್ಲೂ ಬಹಳ ಮಂದಿ ಹಾಗೇ ಬಂದವರು. ತಪ್ಪು ಅವರನ್ನು ಅಲ್ಲೇ ನಿಲ್ಲಿಸಿ, ‘ನಂಬಿದರೆ ಎಲ್ಲ ಸರಿಹೋಗುತ್ತದೆ’ ಎಂದು ಮಾತು ಕೊಡುವವರದು. ಲೂಕ 17ರಲ್ಲಿ ಹತ್ತು ಕುಷ್ಠರೋಗಿಗಳು ವಾಸಿಯಾದರು, ತಿರುಗಿಬಂದವನು ಒಬ್ಬ. ಒಂಬತ್ತು ಮಂದಿಗೆ ಸಿಕ್ಕಿದ್ದು ಆರೋಗ್ಯ ಮಾತ್ರ. ಕೆಲಸ ಸಿಕ್ಕಿ ಮತ್ತೆ ಹೋಯಿತು, ಬೋರ್‌ವೆಲ್ ಮತ್ತೆ ಬತ್ತಿತು ಎಂದಾಗ ಲೆಕ್ಕದ ನಂಬಿಕೆಯೂ ಬತ್ತುತ್ತದೆ. ಯೇಸು ಹೇಳಿದ ಬಿತ್ತುವವನ ಸಾಮತಿಯಲ್ಲಿ (ದೃಷ್ಟಾಂತ ಕಥೆಯಲ್ಲಿ) ಅರೆ ಮೇಲಿನ ತೆಳುಮಣ್ಣಿಗೆ ಬಿದ್ದ ಬೀಜ ಬೇಗ ಮೊಳೆತು, ಬಿಸಿಲೇರಿದಾಗ ಬೇಗ ಬಾಡುತ್ತದಲ್ಲ, ಹಾಗೆ. ಇದರ ಜೊತೆಗೇ ಹೇಳಬೇಕಾದ್ದು: ಪ್ರಾರ್ಥನೆಗೆ ಹೋದವರಿಗೆ ಬಿಪಿ, ಸಕ್ಕರೆ ಮಾತ್ರೆ ನಿಲ್ಲಿಸಿ ಎಂದು ಯಾರಾದರೂ ಹೇಳಿದರೆ ಆ ಮಾತು ಕೇಳಬೇಡಿ. ಸೊರಬದ ಕ್ಯಾಸನೂರು ಕಾಡಿನಲ್ಲಿ 1957ರಲ್ಲಿ ಪತ್ತೆಯಾದ ಮಂಗನ ಕಾಯಿಲೆ ಇಂದಿಗೂ ಬೇಸಿಗೆಯಲ್ಲಿ ಮಲೆನಾಡನ್ನು ಕಾಡುತ್ತದೆ. ಕಾಡಿಗೆ ಹೋಗಿಬಂದವರಿಗೆ ಜ್ವರ ಬಂದರೆ ಪ್ರಾರ್ಥನೆಯನ್ನು ಆಸ್ಪತ್ರೆಯ ದಾರಿಯಲ್ಲೇ ಮಾಡಬಹುದು. ಸುವಾರ್ತೆ ಬರೆದ ಲೂಕನೇ ವೈದ್ಯನೆಂದು ಪೌಲನ ಪತ್ರವೊಂದು ಹೇಳುತ್ತದೆ.

ಎರಡನೆಯದು ಹಣ. ಯೇಸು ಕಳಿಸಿದ ಅಪೊಸ್ತಲರ, ಎಂದರೆ ದೂತರ, ಕಥೆ ಹೇಳುವ ಬೈಬಲಿನ ಪುಸ್ತಕ ಅಪೊಸ್ತಲರ ಕೃತ್ಯಗಳು. ಅದರ 8ನೇ ಅಧ್ಯಾಯದ ಸಿಮೋನನೆಂಬ ಮಂತ್ರವಾದಿ ನಂಬಿದ, ದೀಕ್ಷಾಸ್ನಾನವನ್ನೂ ಪಡೆದ. ಆಮೇಲೆ ಪೇತ್ರನ ಮುಂದೆ ದುಡ್ಡು ಇಟ್ಟು, ಕೈಯಿಟ್ಟರೆ ಪವಿತ್ರಾತ್ಮ ಬರುವ ಆ ಶಕ್ತಿ ನನಗೂ ಬೇಕು ಎಂದ. ನಿನ್ನ ಹೃದಯ ದೇವರ ಮುಂದೆ ನೆಟ್ಟಗಿಲ್ಲ ಎಂದು ಪೇತ್ರ ಮುಖಕ್ಕೆ ಹೇಳಿದ. ದೀಕ್ಷಾಸ್ನಾನದ ನೀರು ಆರುವ ಮುನ್ನವೇ ಇದು ನಡೆಯಿತು ಎಂಬುದನ್ನು ಮರೆಯಬಾರದು. ಕೊಡುವ ಕೈಯ ಹಣವೂ ಅಷ್ಟೇ ಕೆಡಿಸುತ್ತದೆ. ಅಕ್ಕಿ, ಶಾಲೆ ಫೀಸು, ಸಾಲ ತೀರಿಸುವ ಭರವಸೆಗಳನ್ನು ಮತಕ್ಕೆ ಗಂಟುಹಾಕಿದರೆ ಬಂದವನು ಯಾವುದಕ್ಕೆ ಬಂದ ಎಂಬುದು ಅವನಿಗೂ ತಿಳಿಯದಂತಾಗುತ್ತದೆ. ಹಸಿದವನಿಗೆ ಅನ್ನ ಕೊಡಬೇಕು, ಬೇಷರತ್ತಾಗಿ ಕೊಡಬೇಕು. ಅವನು ನಾಳೆ ಚರ್ಚಿಗೆ ಬಾರದಿದ್ದರೂ ನಾಡಿದ್ದು ಮತ್ತೆ ಕೊಡಬೇಕು.

ಇನ್ನು ಕೈಯೆತ್ತಿಸುವುದು. ಸಭೆಯ ಕೊನೆಗೆ ವಾದ್ಯ ನುಡಿಸಿ, ಕಣ್ಣು ಮುಚ್ಚಿಸಿ, ಒಂದು ಪ್ರಾರ್ಥನೆ ಹೇಳಿಸಿ ‘ನೀವು ರಕ್ಷಣೆ ಹೊಂದಿದಿರಿ’ ಎಂದು ಘೋಷಿಸುವ ಪದ್ಧತಿ ಬೈಬಲಿನಲ್ಲಿ ಎಲ್ಲೂ ಇಲ್ಲ. ಆ ಗಳಿಗೆಯಲ್ಲಿ ನಿಜವಾಗಿ ತಿರುಗಿದವರೂ ಇದ್ದಾರೆ; ಆದರೆ ಅವರನ್ನು ತಿರುಗಿಸಿದ್ದು ಆ ವಾಕ್ಯಗಳಲ್ಲ.

ಹೆಸರು ಬದಲಿಸು, ಕುಂಕುಮ ಅಳಿಸು, ಬಳೆ ತೆಗೆ ಎಂಬ ಒತ್ತಾಯದ ಬಗ್ಗೆ ಸುಮಾರು ಕ್ರಿ.ಶ. 49ರಲ್ಲೇ ಯೆರೂಸಲೇಮಿನಲ್ಲಿ ತೀರ್ಮಾನವಾಗಿದೆ. ಯೆಹೂದ್ಯರಲ್ಲದವರು ಕ್ರಿಸ್ತನನ್ನು ನಂಬಿದರೆ ಸುನ್ನತಿ ಮಾಡಿಸಿಕೊಂಡು ಯೆಹೂದ್ಯರಾಗಬೇಕೇ ಎಂಬುದು ಅಲ್ಲಿನ ಜಗಳ. ಬೇಡ ಎಂದರು ಅಪೊಸ್ತಲರು. ವಿಗ್ರಹಕ್ಕೆ ಅರ್ಪಿಸಿದ್ದು, ರಕ್ತ, ಕುತ್ತಿಗೆ ಹಿಸುಕಿ ಕೊಂದದ್ದು, ಹಾದರ ಈ ನಾಲ್ಕರಿಂದ ದೂರವಿರಲು ಮಾತ್ರ ಬರೆದು ಕಳಿಸಿದರು. ಸೀರೆಯ ಕಟ್ಟು, ಭಾಷೆ, ಕಡುಬು-ಪತ್ರೊಡೆಯ ಅಡುಗೆ, ಭೂಮಿಹುಣ್ಣಿಮೆಯ ಹೊತ್ತಿನಲ್ಲಿ ಬೆಳೆ ಕಂಡು ಉಕ್ಕುವ ಕೃತಜ್ಞತೆ, ಇವೆಲ್ಲ ಬಿಟ್ಟುಬರಬೇಕಾದ ಪಾಪಗಳಲ್ಲ. ಕೃತಜ್ಞತೆ ಸಲ್ಲುವುದು ಯಾರಿಗೆ ಎಂಬುದು ಬದಲಾಗುತ್ತದೆ, ಅದು ಸಣ್ಣ ಬದಲಾವಣೆಯೇನಲ್ಲ. ಆದರೆ ಮಲೆನಾಡಿಗ ಮಲೆನಾಡಿಗನಾಗಿಯೇ ಉಳಿಯುತ್ತಾನೆ.

ನಿಜವಾಗಿ ತಿರುಗಿದ್ದರ ಗುರುತು

ಮೆಣಸಿನ ಬಳ್ಳಿಗೆ ಸೊರಗು ರೋಗ ಬಾರದಿರಲೆಂದು ಕಾಡುಜಾತಿಯ ಹಿಪ್ಪಲಿ ಬೇರಿಗೆ ಊರಿನ ಒಳ್ಳೆಯ ತಳಿಯ ಕುಡಿ ಕಸಿ ಕಟ್ಟುತ್ತೇವೆ. ಬೇರು ಕಾಡಿನದು, ಕುಡಿ ನಾಡಿನದು. ಯೆಹೂದ್ಯರಲ್ಲದವರು ಇಸ್ರೇಲಿನ ಬೇರಿಗೆ ಸೇರಿದ್ದನ್ನು ಪೌಲ ರೋಮಾಪುರದವರಿಗೆ ವಿವರಿಸುವಾಗ ಇದನ್ನು ತಲೆಕೆಳಗು ಮಾಡುತ್ತಾನೆ: ಕಾಡು ಎಣ್ಣೆಮರದ (ಆಲಿವ್) ಕೊಂಬೆಯನ್ನು ಊರಿನ ಮರಕ್ಕೆ ಕಸಿ ಕಟ್ಟಿದೆ, ಇದು ಸ್ವಭಾವಕ್ಕೆ ವಿರುದ್ಧ ಎನ್ನುತ್ತಾನೆ. ರೈತರು ಸಾಮಾನ್ಯವಾಗಿ ಮಾಡುವ ಕ್ರಮ ಇದಲ್ಲ ಎಂಬುದು ಅವನಿಗೂ ಗೊತ್ತಿತ್ತು ಎಂದಾಯಿತು. ಒಳ್ಳೆಯ ಬೇರಿನ ಸಾರ ಕಾಡು ಕೊಂಬೆಗೆ ಏರಿ ಫಲ ಬರಬೇಕು. ಫಲ ಬಂದದ್ದರಿಂದ ಕಸಿ ಕೂಡಲಿಲ್ಲ; ಕಸಿ ಕೂಡಿದೆ ಎಂಬುದು ಫಲದಿಂದ ಗೊತ್ತಾಗುತ್ತದೆ. ಸತ್ಕ್ರಿಯೆಗೂ ರಕ್ಷಣೆಗೂ ಇರುವ ನಂಟು ಇಷ್ಟೇ. ಇದರ ಬಗ್ಗೆ ನಾಲ್ಕು ಶತಮಾನಕ್ಕೂ ಹೆಚ್ಚು ಕಾಲ ಬಡಿದಾಡಿದ ಲೂಥರನರೂ ಕಥೋಲಿಕರೂ 1999ರ ಅಕ್ಟೋಬರ್ 31ರಂದು ಜರ್ಮನಿಯ ಆಗ್ಸ್‌ಬರ್ಗ್‌ನಲ್ಲಿ ಜಂಟಿ ಹೇಳಿಕೆಗೆ ಸಹಿ ಹಾಕಿದರು: ನಮ್ಮ ಅರ್ಹತೆಯಿಂದಲ್ಲ, ಕೃಪೆಯಿಂದಲೇ ದೇವರು ನಮ್ಮನ್ನು ಸ್ವೀಕರಿಸುತ್ತಾನೆ, ಸತ್ಕಾರ್ಯಕ್ಕೆ ಅಣಿಗೊಳಿಸುತ್ತಾನೆ ಎಂದು.

ಫಲ ಎಂದರೆ ಮಾತಿನಲ್ಲಿ ಸ್ತೋತ್ರ ಹೆಚ್ಚುವುದಲ್ಲ. ಜಕ್ಕಾಯನೆಂಬ ಸುಂಕದವರ ಮುಖಂಡ ಯೇಸು ತನ್ನ ಮನೆಗೆ ಬಂದಾಗ ಎದ್ದು ನಿಂತು ಹೇಳಿದ್ದು ಅಂಕಿಗಳಲ್ಲಿದೆ: ಆಸ್ತಿಯಲ್ಲಿ ಅರ್ಧ ಬಡವರಿಗೆ, ಮೋಸದಿಂದ ಕಿತ್ತುಕೊಂಡದ್ದಕ್ಕೆ ನಾಲ್ಕರಷ್ಟು. ತಾನಾಗಿ ತಪ್ಪೊಪ್ಪಿಕೊಂಡವನು ಮೊಬಲಗಿನ ಜೊತೆ ಐದನೇ ಒಂದು ಭಾಗ ಸೇರಿಸಿ ಕೊಟ್ಟರೆ ಸಾಕು ಎಂದು ಮೋಶೆಯ ಧರ್ಮಶಾಸ್ತ್ರ ಹೇಳಿತ್ತು. ನಾಲ್ಕರಷ್ಟು ಕೊಡಬೇಕಾದದ್ದು ಕುರಿ ಕದ್ದು ಮಾರಿದವನು. ಜಕ್ಕಾಯ ತನ್ನನ್ನು ಕುರಿಕಳ್ಳನ ಸಾಲಿಗೆ ಸೇರಿಸಿಕೊಂಡ. ಯಾರೂ ಕೇಳಿರಲಿಲ್ಲ.

ಮಲೆನಾಡಿನಲ್ಲಿ ಇದು ಹೇಗೆ ಕಾಣುತ್ತದೆ? ಹತ್ತು ವರ್ಷದ ಹಿಂದೆ ಪಕ್ಕದವರ ಬ್ಯಾಣದ (ಹುಲ್ಲುಗಾವಲಿನ) ಕಡೆಗೆ ಒತ್ತಿದ ಬೇಲಿ ತನ್ನ ಜಾಗಕ್ಕೆ ಹಿಂದೆ ಸರಿಯುತ್ತದೆ. ಅಡಿಕೆ ಮೂಟೆಯಲ್ಲಿ ಮೇಲೆ ಒಳ್ಳೆಯದಿಟ್ಟು ಕೆಳಗೆ ಕಳಪೆ ತುಂಬುವುದು ನಿಲ್ಲುತ್ತದೆ. ಅಡಿಕೆ ಗೊನೆ ಇಳಿಸುವ ಕೊನೆಗೌಡನ ಕೂಲಿಯನ್ನು ಕೊಯ್ಲು ಮುಗಿದ ಸಂಜೆಯೇ ಕೊಡುತ್ತಾರೆ. ತಮ್ಮನ ಪಾಲಿನ ವಿಚಾರದಲ್ಲಿ ಸಾಗರದ ಕೋರ್ಟಿನಲ್ಲಿ ಹಾಕಿದ ಸುಳ್ಳು ಅಫಿಡವಿಟ್ ವಾಪಸ್ ಬರುತ್ತದೆ. ಹಿಂದೆ ಹೊರಗೆ ನಿಲ್ಲಿಸುತ್ತಿದ್ದ ಜಾತಿಯವರೊಡನೆ ಒಂದೇ ಪಂಕ್ತಿಯಲ್ಲಿ ಕೂತು ಉಣ್ಣುತ್ತಾರೆ. ಈ ಕೊನೆಯದರಲ್ಲಿ ಹಳೆಯ ಕ್ರೈಸ್ತ ಕುಟುಂಬಗಳೂ ಎಷ್ಟೋ ಸಲ ಸೋತಿವೆ. ಮದುವೆ ಸಂಬಂಧದ ಮಾತು ಬಂದಾಗ ಜಾತಿ ಕೇಳುವ ಕ್ರೈಸ್ತ ಮನೆಗಳಿಗೆ ಸುವಾರ್ತೆ ಇನ್ನೂ ತಲುಪಬೇಕಾಗಿದೆ. ಗಲಾತ್ಯದವರಿಗೆ ಬರೆದ ಪತ್ರ ಪವಿತ್ರಾತ್ಮನ ಫಲದಲ್ಲಿ ಒಂಬತ್ತು ಗುಣ ಎಣಿಸುತ್ತದೆ. ಪ್ರೀತಿ, ತಾಳ್ಮೆ, ದಯೆ ಅದರಲ್ಲಿವೆ. ವಾದದಲ್ಲಿ ಗೆಲ್ಲುವುದು ಇಲ್ಲ.

ಕಸಿ ಕೂಡಲು ದಿನ ಬೇಕು. ಆದಿಸಭೆಗಳ ಹಳೆಯ ಕ್ರಮವೊಂದರಲ್ಲಿ ದೀಕ್ಷಾಸ್ನಾನಕ್ಕೆ ಮುನ್ನ ಮೂರು ವರ್ಷ ವಾಕ್ಯ ಕೇಳಬೇಕೆಂದಿತ್ತು. ಅಷ್ಟರಲ್ಲಿ ವಿಧವೆಯರನ್ನು ನೋಡಿಕೊಂಡನೇ, ರೋಗಿಗಳ ಬಳಿಗೆ ಹೋದನೇ ಎಂದು ವಿಚಾರಿಸುತ್ತಿದ್ದರು. ಇಂದು ಕಥೋಲಿಕರಲ್ಲಿ ದೊಡ್ಡವರು ಸೇರುವಾಗ ಬೋಧನೆಯ ಕಾಲ ಮುಗಿದು ಸಾಮಾನ್ಯವಾಗಿ ಈಸ್ಟರ್ ಜಾಗರಣೆಯ ರಾತ್ರಿ ದೀಕ್ಷಾಸ್ನಾನ. ಮಕ್ಕಳಿಗೆ ಕೊಡಬಹುದೇ, ಮುಳುಗಿಸಬೇಕೇ, ನೀರು ಹೊಯ್ದರೆ ಸಾಕೇ ಎಂಬುದರಲ್ಲಿ ಕಥೋಲಿಕ, ಸಿಎಸ್‌ಐ (ದಕ್ಷಿಣ ಭಾರತ ಸಭೆ), ಪೆಂತೆಕೋಸ್ತ್ ಸಭೆಗಳಿಗೆ ಭೇದವಿದೆ. ಮೊದಲ ವಾರದಲ್ಲೇ ನೀರಿಗಿಳಿಸಲು ಆತುರಪಡುವವರ ಬಗ್ಗೆ ಮಾತ್ರ ಎಲ್ಲರೂ ಎಚ್ಚರವಿರಬೇಕು. ವಿಚಾರ ಮಾಡಬೇಕೆನಿಸಿದವರು ಮೊದಲು ಮಾರ್ಕನ ಸುವಾರ್ತೆ ಓದಲಿ. ನಾಲ್ಕರಲ್ಲಿ ಅದೇ ಚಿಕ್ಕದು, 16 ಅಧ್ಯಾಯ, ಒಂದು ಮಳೆಗಾಲದ ಸಂಜೆ ಸಾಕು. ಇಡೀ ಬೈಬಲ್ ಕನ್ನಡದಲ್ಲಿ 1831ರಿಂದಲೇ ಇದೆ. ಆಮೇಲೆ ಲೂಕ 15, ಯೋಹಾನ 3, ರೋಮಾಪುರದವರಿಗೆ ಬರೆದ ಪತ್ರದ ಮೊದಲ ಎಂಟು ಅಧ್ಯಾಯ. ಓದಿ ಪ್ರಶ್ನೆ ಕೇಳಿದಾಗ ಸಿಟ್ಟಾಗುವ ಬೋಧಕರಿದ್ದರೆ ಬೇರೆಯವರನ್ನು ಹುಡುಕುವುದು ಒಳ್ಳೆಯದು.

ಕಾನೂನಿನ ಮಾತು ಚಿಕ್ಕದಾಗಿ. ಸಂವಿಧಾನದ 25ನೇ ವಿಧಿ ಮನಸ್ಸಾಕ್ಷಿಯ ಸ್ವಾತಂತ್ರ್ಯವನ್ನೂ, ಧರ್ಮವನ್ನು ಪಾಲಿಸುವ, ಪ್ರಚಾರ ಮಾಡುವ ಹಕ್ಕನ್ನೂ ಕೊಡುತ್ತದೆ. ಪ್ರಚಾರದ ಹಕ್ಕು ಎಂದರೆ ಇನ್ನೊಬ್ಬರನ್ನು ಮತಾಂತರಿಸುವ ಹಕ್ಕಲ್ಲ ಎಂದು ಸುಪ್ರೀಂ ಕೋರ್ಟ್ 1977ರಲ್ಲಿ ಹೇಳಿತು. ಕರ್ನಾಟಕದ 2022ರ ಕಾಯ್ದೆ ಬಲವಂತ, ವಂಚನೆ, ಆಮಿಷ, ಮದುವೆಯ ಭರವಸೆಯಿಂದ ಮತಾಂತರ ಮಾಡುವುದನ್ನು ಅಪರಾಧವಾಗಿಸಿತು. ಮತ ಬದಲಿಸುವವರೂ, ವಿಧಿ ನಡೆಸುವವರೂ 30 ದಿನ ಮೊದಲೇ ಜಿಲ್ಲಾ ಮ್ಯಾಜಿಸ್ಟ್ರೇಟರಿಗೆ ತಿಳಿಸಬೇಕೆಂದಿತು. 2023ರ ಜೂನ್‌ನಲ್ಲಿ ರಾಜ್ಯ ಸಂಪುಟ ಅದನ್ನು ರದ್ದುಮಾಡಲು ತೀರ್ಮಾನಿಸಿತು. ದೀಕ್ಷಾಸ್ನಾನಕ್ಕೆ ಮುನ್ನ ಆ ದಿನಕ್ಕೆ ಜಾರಿಯಲ್ಲಿರುವ ನಿಯಮವನ್ನು ವಕೀಲರಲ್ಲಿ ಕೇಳಿಕೊಳ್ಳಬೇಕು. 1950ರ ರಾಷ್ಟ್ರಪತಿ ಆದೇಶದಂತೆ ಪರಿಶಿಷ್ಟ ಜಾತಿಯವರು ಕ್ರೈಸ್ತರಾದರೆ ಆ ಸ್ಥಾನ ಹೋಗುತ್ತದೆ ಎಂಬುದನ್ನೂ ಮುಚ್ಚಿಡದೆ ಹೇಳಬೇಕು. ಮುಚ್ಚಿಟ್ಟು ಕರೆದರೆ ಅದೂ ವಂಚನೆಯೇ. ಒಬ್ಬ ಮನುಷ್ಯ ಇನ್ನೊಬ್ಬನ ಮನಸ್ಸನ್ನು ತಿರುಗಿಸಲಾರ ಎಂಬುದನ್ನು ಬೈಬಲೂ ಹೇಳುತ್ತದೆ: ನಾನು ನೆಟ್ಟೆ, ಅಪೊಲ್ಲೋಸ (ಜೊತೆಯ ಬೋಧಕ) ನೀರು ಹಾಕಿದ, ಬೆಳೆಸಿದವನು ದೇವರು ಎಂದು ಪೌಲ.

ಎಲ್ಲಕ್ಕಿಂತ ಕಷ್ಟ ಮನೆಯೊಳಗೆ. ತಿರುಗಿದ ಮಗ ಗೌರಿಹಬ್ಬದ ದಿನ ಏನು ಮಾಡಬೇಕು? ಅಮ್ಮ ಕೊಡುವ ಪ್ರಸಾದವನ್ನು ಏನು ಮಾಡಬೇಕು? ಕೊರಿಂಥದವರಿಗೂ ಇದೇ ತೊಡಕಿತ್ತು. ಪೌಲ ಮೂರು ಅಧ್ಯಾಯ ಇದಕ್ಕೇ ಕೊಟ್ಟ. ಆಹಾರ ನಮ್ಮನ್ನು ದೇವರ ಹತ್ತಿರಕ್ಕೂ ಒಯ್ಯುವುದಿಲ್ಲ, ದೂರಕ್ಕೂ ತಳ್ಳುವುದಿಲ್ಲ. ಬೇರೆಯವರು ಊಟಕ್ಕೆ ಕರೆದರೆ ಬಡಿಸಿದ್ದನ್ನು ಪ್ರಶ್ನೆ ಕೇಳದೆ ಉಣ್ಣಬಹುದು. ಇದು ದೇವರಿಗೆ ಅರ್ಪಿಸಿದ್ದು ಎಂದು ಹೇಳಿ ಕೊಟ್ಟರೆ, ಹೇಳಿದವರ ಮನಸ್ಸಾಕ್ಷಿಯ ಸಲುವಾಗಿ ಬಿಡಬೇಕು. ಪೂಜೆಯ ಪಂಕ್ತಿಯಲ್ಲೇ ಪಾಲುಗೊಳ್ಳುವುದು ಆಗದು. ಇಷ್ಟನ್ನು ಪಾಲಿಸುವುದಕ್ಕೆ ತಟ್ಟೆ ತಳ್ಳಬೇಕಾಗಿಲ್ಲ, ಫೋಟೋ ಒಡೆಯಬೇಕಾಗಿಲ್ಲ. ‘ಅಮ್ಮ, ಕೈಮುಗಿಯಲು ನನ್ನಿಂದ ಆಗುವುದಿಲ್ಲ, ಮನೆಗೆಲಸಕ್ಕೆ, ಅಡುಗೆಗೆ, ನಿನ್ನ ಜೊತೆ ಕೂತು ಉಣ್ಣಲು ನಾನಿದ್ದೇನೆ’ ಎಂದು ಬಾಗಿಲು ಹಾಕದೆ ಹೇಳಬಹುದು. ಪೌಲ ಎಫೆಸದಲ್ಲಿ ಎರಡು ವರ್ಷಕ್ಕೂ ಹೆಚ್ಚು ಕಾಲ ಸುವಾರ್ತೆ ಸಾರಿದ. ಅರ್ತೆಮಿ ದೇವಿಯ ಬೆಳ್ಳಿ ಗುಡಿಗಳನ್ನು ಮಾಡಿ ಮಾರುವವರ ವ್ಯಾಪಾರ ಬಿದ್ದು ಊರಿಗೆ ಊರೇ ಗಲಭೆ ಎದ್ದಿತು. ಆಗ ಪಟ್ಟಣದ ಕಾರ್ಯದರ್ಶಿ, ಕ್ರೈಸ್ತನಲ್ಲದವನು, ಜನರ ಮುಂದೆ ನಿಂತು ಹೇಳಿದ ಮಾತು ಅಪೊಸ್ತಲರ ಕೃತ್ಯಗಳ 19ನೇ ಅಧ್ಯಾಯದಲ್ಲಿದೆ: ಇವರು ಗುಡಿ ದೋಚಿದವರೂ ಅಲ್ಲ, ನಮ್ಮ ದೇವಿಯನ್ನು ನಿಂದಿಸಿದವರೂ ಅಲ್ಲ.